ತಜ್ಞರ ಬಾಗಿಲಿಗೆ ದಾರಿ ತೋರುವ ಚೀಟಿ

ಆನ್‌ಲೈನ್ ವೈದ್ಯರು ಎಲ್ಲ ಕಾಯಿಲೆಯನ್ನೂ ವಾಸಿಮಾಡಲಾರರು. ಆದರೆ ಯಾವ ರೋಗಿ ಯಾವ ತಜ್ಞರನ್ನು ಯಾವಾಗ ಕಾಣಬೇಕೆಂದು ಅವರು ಸರಿಯಾಗಿ ಹೇಳಿದರೆ ಸಾಕು, ಕಾಸರಗೋಡಿನ ಮನೆಗೂ ಕೊಚ್ಚಿ, ತಿರುವನಂತಪುರದ ಆಸ್ಪತ್ರೆಗೂ ನಡುವಿನ ದೂರ ಅರ್ಧ ಕಡಿಮೆಯಾಗುತ್ತದೆ.

2019ರ ಏಪ್ರಿಲ್ 16ರಂದು ಮಂಗಳೂರಿನಿಂದ ಒಂದು ಆಂಬುಲೆನ್ಸ್ ದಕ್ಷಿಣಕ್ಕೆ ಹೊರಟಿತು. ಒಳಗಿದ್ದದ್ದು ಕಾಸರಗೋಡಿನ ದಂಪತಿಯ ಮಗು. ಹುಟ್ಟಿ ಹದಿನೈದು ದಿನವಾಗಿತ್ತು, ಹೃದಯದಲ್ಲಿ ದೋಷವಿತ್ತು. ಮುಟ್ಟಬೇಕಿದ್ದದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು. ಆರುನೂರು ಕಿಲೋಮೀಟರಿಗೂ ಮೀರಿದ ದಾರಿ. ಪ್ರಯಾಣ ಫೇಸ್‌ಬುಕ್‌ನಲ್ಲಿ ನೇರ ಪ್ರಸಾರವಾಯಿತು. ಊರೂರಲ್ಲಿ ಪೊಲೀಸರೂ ಯುವಕರೂ ರಸ್ತೆಗಿಳಿದು ದಾರಿ ಬಿಡಿಸಿಕೊಟ್ಟರು. ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಕೇರಳದ ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಅವರು, ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲೇ ಮಕ್ಕಳ ಹೃದ್ರೋಗ ಚಿಕಿತ್ಸೆಯ ‘ಹೃದ್ಯಂ’ ಯೋಜನೆಯಡಿ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆಗೆ ಏರ್ಪಾಡಾಗಿದೆ ಎಂದು ತಿಳಿಸಿದರು. ಸುಮಾರು 400 ಕಿಲೋಮೀಟರನ್ನು ಐದೂವರೆ ಗಂಟೆಯಲ್ಲಿ ಮುಗಿಸಿ ಮಗು ಕೊಚ್ಚಿ ಸೇರಿತು. ಮುಂದಿನ 200 ಕಿಲೋಮೀಟರಿನ ಪ್ರಯಾಣ ತಪ್ಪಿತು.

ಆ ದಿನದ ಚಾಲಕನ ಚಾಕಚಕ್ಯತೆಯನ್ನು ಜನ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಅಂದು ನಡೆಯಿತು. ಈ ಮಗುವಿಗೆ ಬೇಕಾದ ಶಸ್ತ್ರಚಿಕಿತ್ಸೆ ಹತ್ತಿರದಲ್ಲಿ ಎಲ್ಲಿ ಆಗುತ್ತದೆ, ಅಲ್ಲಿ ಹಾಸಿಗೆ ಇದೆಯೇ, ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಫೋನಿನಲ್ಲೇ ಉತ್ತರ ಸಿಕ್ಕಿತು. ವೈದ್ಯರ ಭಾಷೆಯಲ್ಲಿ ಅದೇ ‘ರೆಫರಲ್’.

ಮರುತಿಂಗಳು ಇನ್ನೊಂದು ಘಟನೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬಗ್ಗೆ ಸಚಿವೆ ಹಾಕಿದ್ದ ಫೇಸ್‌ಬುಕ್ ಬರಹದ ಕೆಳಗೆ ಮಲಪ್ಪುರಂ ಜಿಲ್ಲೆಯ ಯುವಕನೊಬ್ಬ, ತಂಗಿಯ ನವಜಾತ ಶಿಶುವಿಗೆ ಹೃದಯದ ತೊಂದರೆ ಇದೆ, ಏನು ಮಾಡುವುದು ತಿಳಿಯುತ್ತಿಲ್ಲ ಎಂದು ಬರೆದ. ಉತ್ತರ ಬಂತು, ಆಂಬುಲೆನ್ಸ್ ಬಂತು, ಮಗುವನ್ನು ಎರ್ನಾಕುಳಂನ ಲಿಸ್ಸಿ ಆಸ್ಪತ್ರೆಗೆ ಸೇರಿಸಿದರು. ಒಂದು ಸಾಲಿನ ಮೊರೆಯೇ ತಜ್ಞರವರೆಗೆ ದಾರಿಯಾಯಿತು.

ಈ ಎರಡೂ ಘಟನೆಗಳು ನೆಮ್ಮದಿ ಕೊಡುತ್ತವೆ, ಜೊತೆಗೆ ಒಂದು ಪ್ರಶ್ನೆಯನ್ನೂ ಎತ್ತುತ್ತವೆ. ಸಚಿವರ ಕಣ್ಣಿಗೆ ಬೀಳದ ರೋಗಿಗೆ, ನೇರ ಪ್ರಸಾರವಿಲ್ಲದ ಪ್ರಯಾಣಕ್ಕೆ ಇದೇ ದಾರಿ ದಿನನಿತ್ಯ ತೆರೆದಿರಬೇಕಲ್ಲವೇ? ಮನೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ವೈದ್ಯರನ್ನು ಕಾಣುವ ವ್ಯವಸ್ಥೆಯ ಬೆಲೆಯನ್ನು ನಾವು ಅಳೆಯಬೇಕಾದದ್ದು ಇಲ್ಲಿಯೇ. ಅದು ಎಷ್ಟು ಮಾತ್ರೆ ಬರೆದುಕೊಟ್ಟಿತು ಎನ್ನುವುದಕ್ಕಿಂತ, ಎಷ್ಟು ಮಂದಿಯನ್ನು ಸರಿಯಾದ ಬಾಗಿಲಿಗೆ ಮುಟ್ಟಿಸಿತು ಎನ್ನುವುದೇ ದೊಡ್ಡದು.

ಗಡಿ ಮುಚ್ಚಿದ ದಿನಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕನ್ನಡಿಗರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿಲೋಮೀಟರ್. ಅವರ ರಾಜಧಾನಿ ತಿರುವನಂತಪುರವಾದರೋ 550 ಕಿಲೋಮೀಟರಿಗೂ ಆಚೆ. ಸಂಜೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ಬಂದ ಮೇಲೂ ಹಗಲಿನ ಎಂಟು ತಾಸು ರೈಲಿನಲ್ಲೇ ಕಳೆಯುತ್ತದೆ. 1984ರಲ್ಲಿ ಜಿಲ್ಲೆಯಾದ ಕಾಸರಗೋಡಿನಲ್ಲಿ ದೀರ್ಘಕಾಲ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. ಉಕ್ಕಿನಡ್ಕದಲ್ಲಿ ಅದಕ್ಕೆ ಶಿಲಾನ್ಯಾಸವಾದದ್ದು 2013ರಲ್ಲಿ. ಗೇರು ತೋಟಗಳಿಗೆ ದಶಕಗಳ ಕಾಲ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನೂರಾರು ಮನೆಗಳಲ್ಲಿ ನರಸಂಬಂಧಿ ತೊಂದರೆಯ ಮಕ್ಕಳಿದ್ದ ಜಿಲ್ಲೆ ಇದು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ನರರೋಗ ತಜ್ಞರಿಲ್ಲದೆ ವರ್ಷಗಳನ್ನು ಕಳೆದವು.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುವ ಭಯದಿಂದ ಕರ್ನಾಟಕ ಸರ್ಕಾರ ಕೇರಳದೊಂದಿಗಿನ ಗಡಿ ಮುಚ್ಚಿತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನಲ್ಲಿ ಡಯಾಲಿಸಿಸ್, ಹೃದ್ರೋಗ, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದವರು ದಿಕ್ಕು ತೋಚದಾದರು. ಸಕಾಲದಲ್ಲಿ ಆಸ್ಪತ್ರೆ ಮುಟ್ಟದೆ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರ ದಾರಿ ತೆರೆಯಬೇಕೆಂದು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಏಪ್ರಿಲ್ 7ರ ಹೊತ್ತಿಗೆ ರೋಗಿಗಳ ಸಂಚಾರಕ್ಕೆ ಒಂದು ಕ್ರಮ ನಿಗದಿಯಾಯಿತು. ರೋಗಿಯ ಬಳಿ ವೈದ್ಯರ ಪ್ರಮಾಣಪತ್ರ ಇರಬೇಕು, ಗಡಿಯಲ್ಲಿ ವೈದ್ಯರ ತಂಡ ನೋಡಬೇಕು, ಆಮೇಲೆ ದಾರಿ ಬಿಡಬೇಕು. ಒಂದು ಹಾಳೆ ಕಾಗದಕ್ಕೆ ಎಷ್ಟು ಬೆಲೆ ಇದೆಯೆಂದು ಕಾಸರಗೋಡಿನ ಜನ ಆಗ ಕಣ್ಣಾರೆ ಕಂಡರು.

ಅದೇ ದಿನಗಳಲ್ಲಿ ತಿರುವನಂತಪುರದ ವೈದ್ಯಕೀಯ ಕಾಲೇಜಿನಿಂದ ವೈದ್ಯರು, ನರ್ಸ್‌ಗಳ ತಂಡವೊಂದು ರಸ್ತೆ ಮೂಲಕವೇ ಹೊರಟು ಉಕ್ಕಿನಡ್ಕಕ್ಕೆ ಬಂತು. ಇನ್ನೂ ಪೂರ್ತಿಯಾಗದ ಕಟ್ಟಡದಲ್ಲಿ ಕೋವಿಡ್ ಆಸ್ಪತ್ರೆ ಶುರುವಾಯಿತು. ರಾಜಧಾನಿಯ ತಜ್ಞರು ಗಡಿನಾಡಿನ ರೋಗಿಯ ಬಳಿಗೆ ಬಂದ ಆ ಪ್ರಯಾಣವನ್ನು ಅಲ್ಲಿನವರು ಮರೆತಿಲ್ಲ. ಆದರೆ ತಜ್ಞರು ದಿನಾ ಹೀಗೆ ಬಸ್ಸು ಹತ್ತಿ ಬರಲಾರರು. ಬರಬಲ್ಲದ್ದು ಅವರ ಮಾತು, ಅವರ ಕಣ್ಣು, ಅವರ ಸಲಹೆ.

ಪರದೆಯಾಚೆಯ ವೈದ್ಯರು

ಗಡಿ ಮುಚ್ಚಿದ್ದ ಅದೇ ವಾರ, ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಫೋನಿನಲ್ಲಿ, ವಿಡಿಯೋದಲ್ಲಿ ರೋಗಿಯನ್ನು ನೋಡುವುದು ಸರಿಯೇ ತಪ್ಪೇ ಎಂಬ ವೈದ್ಯರ ಅಳುಕು ಅದರಿಂದ ದೂರವಾಯಿತು. ಏಪ್ರಿಲ್‌ನಲ್ಲಿ ಕೇಂದ್ರದ ಟೆಲಿಮೆಡಿಸಿನ್ ವೇದಿಕೆ ‘ಇ-ಸಂಜೀವನಿ’ಯ ಓಪಿ (ಹೊರರೋಗಿ) ಸೇವೆ ಶುರುವಾಯಿತು. ಕೇರಳದಲ್ಲಿ ಅದು ಜೂನ್‌ನಲ್ಲಿ ಆರಂಭವಾಯಿತು. 2023ರ ಫೆಬ್ರವರಿ ವೇಳೆಗೆ ದೇಶದಲ್ಲಿ ಈ ಸೇವೆಯ ಸಮಾಲೋಚನೆಗಳು 10 ಕೋಟಿ ದಾಟಿದ್ದವು.

ಇದು ಏಕಾಏಕಿ ಹುಟ್ಟಿದ್ದಲ್ಲ. ಇಸ್ರೋ ಉಪಗ್ರಹಗಳ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ, ಲಕ್ಷದ್ವೀಪದ ಕವರತ್ತಿ ಕೊಚ್ಚಿಯ ಅಮೃತಾ ಆಸ್ಪತ್ರೆಯೊಂದಿಗೆ ಮಾತಾಡಿ ಎರಡು ದಶಕಗಳಾದವು. ಆಗ ಡಿಶ್ ಆಂಟೆನಾ ಬೇಕಿತ್ತು, ಈಗ ಕೈಯಲ್ಲಿರುವ ಮೊಬೈಲ್ ಸಾಕು. ಇ-ಸಂಜೀವನಿಯಲ್ಲಿ ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ಹೆಸರು, ವಯಸ್ಸು, ತೊಂದರೆ ತುಂಬಿಸಿ, ಹಳೆಯ ರಿಪೋರ್ಟ್‌ಗಳಿದ್ದರೆ ಫೋಟೋ ಸೇರಿಸಿದರೆ ಟೋಕನ್ ಸಿಗುತ್ತದೆ. ಸರತಿ ಬಂದಾಗ ವೈದ್ಯರು ಪರದೆಯ ಮೇಲೆ ಕಾಣುತ್ತಾರೆ. ಮಾತು ಮುಗಿದ ಮೇಲೆ ಅವರ ನೋಂದಣಿ ಸಂಖ್ಯೆಯಿರುವ ಔಷಧ ಚೀಟಿ ಮೊಬೈಲ್‌ಗೆ ಬರುತ್ತದೆ. ಇದಕ್ಕೆ ಹಣವಿಲ್ಲ. ಮೊಬೈಲ್ ಬಳಸಲು ಬಾರದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಸಿಬ್ಬಂದಿಯೇ ದೊಡ್ಡ ಆಸ್ಪತ್ರೆಯ ವೈದ್ಯರೊಂದಿಗೆ ವಿಡಿಯೋ ಕರೆ ಜೋಡಿಸುವ ಇನ್ನೊಂದು ಬಗೆಯೂ ಇದೆ.

ಒಂದು ಉದಾಹರಣೆ ನೋಡೋಣ. ಪೆರ್ಲದ ಕಡೆಯ ಅರವತ್ತೈದರ ಅಮ್ಮನೊಬ್ಬರಿಗೆ ಬಲಗೈ ನಡುಗುತ್ತದೆ ಎಂದಿಟ್ಟುಕೊಳ್ಳಿ. ಮಗಳು ಮೊಬೈಲ್ ಹಿಡಿದಿದ್ದಾಳೆ. ವೈದ್ಯರು ಮೊದಲು ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂರಲು ಹೇಳುತ್ತಾರೆ. ಆಗಲೂ ನಡುಗುತ್ತದೆಯೇ, ಇಲ್ಲ ನೀರಿನ ಲೋಟ ಎತ್ತುವಾಗ ಮಾತ್ರವೇ? ಆಮೇಲೆ ಚಾವಡಿಯ ಈ ತುದಿಯಿಂದ ಆ ತುದಿಗೆ ನಡೆಯಲು ಹೇಳುತ್ತಾರೆ. ಹೆಜ್ಜೆ ಗಿಡ್ಡವಾಗಿವೆಯೇ, ಬಲಗೈ ಬೀಸುತ್ತಿದೆಯೇ ಎಂದು ನೋಡುತ್ತಾರೆ. ಕೊನೆಗೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಕ್ಯಾಮೆರಾದ ಎದುರು ಹಿಡಿಯಲು ಹೇಳುತ್ತಾರೆ. ಈ ಕೊನೆಯದು ಬಹಳ ಮುಖ್ಯ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್‌ನಂಥ ಮಾತ್ರೆಗಳಿಂದಲೂ ಪಾರ್ಕಿನ್‌ಸನ್ ಕಾಯಿಲೆಯಂತೆಯೇ ಕೈ ನಡುಗಬಹುದು. ಥೈರಾಯ್ಡ್ ಹೆಚ್ಚಿದರೂ ನಡುಕ ಬರಬಹುದು. ಆ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ವೈದ್ಯರು ತೀರ್ಮಾನಿಸಿ, ಬದಿಯಡ್ಕದ ಲ್ಯಾಬ್‌ನಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಕೆಲವರಿಗೆ ದೂರದ ಪ್ರಯಾಣವೇ ಬೇಕಾಗುವುದಿಲ್ಲ. ಬೇಕಾದವರಿಗೆ ‘ಸುಮ್ಮನಿರುವಾಗ ಬಲಗೈ ನಡುಕ, ನಡಿಗೆ ನಿಧಾನ, ಥೈರಾಯ್ಡ್ ಸರಿಯಿದೆ, ನರರೋಗ ವಿಭಾಗದಲ್ಲಿ ತೋರಿಸಿ’ ಎಂಬ ಬರಹ ಸಿಗುತ್ತದೆ. ಶ್ರೀ ಚಿತ್ರಾದಂಥ ಸಂಸ್ಥೆಯ ಮುಂದೆ ಆ ಬರಹ ಹಿಡಿದು ನಿಂತವರಿಗೂ, ಕೈಯ ತೊಂದರೆಯೆಂದು ಬೇರೆಲ್ಲೋ ಎಲುಬಿನ ವಿಭಾಗದ ಸರತಿಯಲ್ಲಿ ನಿಂತು ಒಂದು ದಿನ ಕಳೆದವರಿಗೂ ಬಹಳ ವ್ಯತ್ಯಾಸವಿದೆ.

ಬ್ರಿಟನ್‌ನಲ್ಲಿ ಕುಟುಂಬ ವೈದ್ಯರು ಕಳಿಸದೆ ಸಾಮಾನ್ಯವಾಗಿ ತಜ್ಞರನ್ನು ಕಾಣಲಾಗದು. ಅಲ್ಲಿ ಆ ಶಿಫಾರಸುಗಳು ಈಗ ಗಣಕದಲ್ಲೇ ಸಾಗುತ್ತಿವೆ. ನಮ್ಮಲ್ಲಿ ಅಂಥ ತಡೆ ಇಲ್ಲ. ಹಣವಿದ್ದರೆ ಯಾರು ಬೇಕಾದರೂ ಕೊಚ್ಚಿಯ ಯಾವ ಖಾಸಗಿ ಆಸ್ಪತ್ರೆಯ ಯಾವ ವಿಭಾಗಕ್ಕಾದರೂ ನೇರ ಅಪಾಯಿಂಟ್‌ಮೆಂಟ್ ತೆಗೆಯಬಹುದು. ಇದರಿಂದ ಸ್ವಾತಂತ್ರ್ಯ ಸಿಕ್ಕಿದೆ, ಜೊತೆಗೆ ಅಲೆದಾಟವೂ ಬಂದಿದೆ. ಯಾವ ತಜ್ಞರು ಬೇಕೆಂದು ರೋಗಿಯೇ ಊಹಿಸಬೇಕು, ತಪ್ಪಿದರೆ ರಜೆ, ರೈಲು, ಲಾಡ್ಜು, ಸ್ಕ್ಯಾನಿಂಗ್ ಎಂದು ಖರ್ಚು ಬೆಳೆಯುತ್ತದೆ. ಬಡವರಿಗೆ ಈ ತಪ್ಪು ಬಹಳ ದುಬಾರಿ. ಹಾಗಾಗಿ ಮೊದಲ ಮಾತು ಸಾಮಾನ್ಯ ವೈದ್ಯರೊಂದಿಗೆ ಇರಲಿ ಎನ್ನುವುದು ಅವರ ಜೇಬಿಗೂ ಜೀವಕ್ಕೂ ಒಳ್ಳೆಯದು.

ಚೀಟಿಯಲ್ಲಿ ಏನಿರಬೇಕು

‘ಕಾರ್ಡಿಯಾಲಜಿಗೆ ರೆಫರ್ ಮಾಡಲಾಗಿದೆ’ ಎಂಬ ಒಂದು ಸಾಲು ಪೂರ್ತಿ ರೆಫರಲ್ ಅಲ್ಲ. ತಜ್ಞರು ಅದನ್ನು ನೋಡಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಒಳ್ಳೆಯ ಚೀಟಿಯಲ್ಲಿ ತೊಂದರೆ ಯಾವಾಗ ಶುರುವಾಯಿತು, ಹೇಗೆ ಬೆಳೆಯಿತು ಎಂಬುದಿರುತ್ತದೆ. ಈವರೆಗೆ ಆದ ಪರೀಕ್ಷೆಗಳು, ಅವುಗಳ ತಾರೀಖು, ಈಗಿನ ಔಷಧಗಳು ಮತ್ತು ಪ್ರಮಾಣ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಲರ್ಜಿ ಇವೆಯೇ ಎಂಬ ವಿವರ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾದವು ಎರಡು. ತಜ್ಞರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು? ಎಷ್ಟು ಬೇಗ ಬೇಕು? ಇಂದೇ ಹೋಗಬೇಕೇ, ಈ ವಾರವೇ, ಇಲ್ಲ ತಿಂಗಳೊಳಗೆ ಸಾಕೇ ಎಂಬುದನ್ನು ವೈದ್ಯರ ಬಾಯಿಂದಲೇ ಕೇಳಿ ಬರೆಸಿಕೊಳ್ಳಬೇಕು. ನಾಚಿಕೆ ಬೇಡ. ‘ಡಾಕ್ಟ್ರೇ, ಯಾವ ವಿಭಾಗ, ಯಾವ ಆಸ್ಪತ್ರೆ, ಎಷ್ಟು ದಿನದೊಳಗೆ ಅಂತ ಬರೆದುಕೊಡಿ’ ಎಂದು ಕೇಳುವುದು ರೋಗಿಯ ಹಕ್ಕು.

ರೋಗಿಯ ಕಡೆಯವರೂ ಸಿದ್ಧರಿರಬೇಕು. ಕರೆಗೆ ಮೊದಲೇ ಔಷಧಗಳನ್ನೆಲ್ಲ ಒಂದು ತಟ್ಟೆಯಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ ಇದ್ದರೆ ಆ ಬೆಳಗಿನ ಅಂಕಿ ಬರೆದಿಡಿ. ರಿಪೋರ್ಟ್‌ಗಳನ್ನು ಬೆಳಕಿನಲ್ಲಿ, ಪುಟ ಪೂರ್ತಿ ಬರುವಂತೆ ಫೋಟೋ ತೆಗೆದು ತಾರೀಖಿನ ಕ್ರಮದಲ್ಲಿ ಇಡಿ. ಹೇಳಬೇಕಾದ ಮೂರು ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಪರದೆಯ ಮೇಲೆ ಸಿಗುವ ಸಮಯ ಕಡಿಮೆ, ಗಾಬರಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಚೀಟಿ ಸಿಕ್ಕ ಮೇಲೆ ಟೋಕನ್. ಕೇರಳದ ಹಲವು ಸರ್ಕಾರಿ ಆಸ್ಪತ್ರೆಗಳ ಓಪಿ ಟೋಕನ್ನನ್ನು ರಾಜ್ಯದ ಇ-ಹೆಲ್ತ್ ತಾಣದಲ್ಲಿ ಮೊದಲೇ ತೆಗೆಯಬಹುದು. ಆಧಾರ್ ಸಹಾಯದಿಂದ ಹೆಸರು ನೋಂದಾಯಿಸಿದರೆ 16 ಅಂಕಿಯ ವೈಯಕ್ತಿಕ ಆರೋಗ್ಯ ಸಂಖ್ಯೆ ಸಿಗುತ್ತದೆ. ಹೊಸ ಅಪಾಯಿಂಟ್‌ಮೆಂಟ್ ಕೇಳುವಾಗ ಬೇರೆ ಆಸ್ಪತ್ರೆಯಿಂದ ರೆಫರ್ ಆಗಿದೆಯೇ ಎಂಬ ಪ್ರಶ್ನೆ ಬರುತ್ತದೆ. ಆಗಿದ್ದರೆ ಅದನ್ನು ತುಂಬಿಸಿ, ಆಸ್ಪತ್ರೆ, ವಿಭಾಗ, ದಿನಾಂಕ ಆರಿಸಬೇಕು. ಕಾಸರಗೋಡಿನಿಂದ ರಾತ್ರಿ ರೈಲು ಹಿಡಿಯುವವರಿಗೆ ಬೆಳಗಿನ ಟೋಕನ್ ಕೈಯಲ್ಲಿರುವುದೆಂದರೆ ಒಂದು ದಿನ ಲಾಡ್ಜಿನಲ್ಲಿ ಕಾಯುವುದು ತಪ್ಪಿತೆಂದೇ ಅರ್ಥ. ಸಂದೇಹವಿದ್ದರೆ ಕೇರಳದಲ್ಲಿ ‘ದಿಶಾ’ ಸಹಾಯವಾಣಿ 1056 ಇದೆ. ಮನಸ್ಸಿನ ತೊಂದರೆಗಳಿಗೆ ದೇಶದಾದ್ಯಂತ ‘ಟೆಲಿ ಮಾನಸ್’ 14416 ಇದೆ, ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಮಕ್ಕಳ ಹೃದಯದ ವಿಷಯದಲ್ಲಿ ಕೇರಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. 2017ರಲ್ಲಿ ಶುರುವಾದ ‘ಹೃದ್ಯಂ’ ಯೋಜನೆಯ ಜಾಲತಾಣದಲ್ಲಿ ಇಂಥ ಮಗುವಿನ ಹೆಸರನ್ನು ನೋಂದಾಯಿಸಬಹುದು. ಎಕೋ ಪರೀಕ್ಷೆಯ ವರದಿ ನೋಡಿ ಮಕ್ಕಳ ಹೃದ್ರೋಗ ತಜ್ಞರು ತುರ್ತು ಎಷ್ಟೆಂದು ವಿಂಗಡಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ, ಕೊಚ್ಚಿಯ ಅಮೃತಾ, ಲಿಸ್ಸಿ ಮುಂತಾದ ಆಸ್ಪತ್ರೆಗಳಲ್ಲಿ ಎಲ್ಲಿ ಅವಕಾಶವಿದೆಯೋ ಅಲ್ಲಿಗೆ ಮಗುವನ್ನು ಕಳಿಸುತ್ತಾರೆ. ಅಪ್ಪ ಅಮ್ಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಬೇಕಿಲ್ಲ. ಫೇಸ್‌ಬುಕ್ ಬರಹದ ಕೆಳಗೆ ಕಂಡ ಮೊರೆಗೆ ಅಷ್ಟು ಬೇಗ ಸ್ಪಂದಿಸಲು ಸಾಧ್ಯವಾದದ್ದು ಹಿಂದೆ ಈ ವ್ಯವಸ್ಥೆ ಸಿದ್ಧವಿದ್ದದ್ದರಿಂದಲೇ.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ಯ ಆಂದೋಲನವೂ ಇದನ್ನೇ ಸಾರುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಂದು ಇಸಿಜಿ ಯಂತ್ರ, ವೈದ್ಯರಿಗೆ ಒಂದು ವಾಟ್ಸ್‌ಆ್ಯಪ್ ಗುಂಪು. ಇಸಿಜಿಯ ಫೋಟೋ ನೋಡಿ ತಜ್ಞರು ಉತ್ತರಿಸುತ್ತಾರೆ. ಎದೆನೋವಿನ ರೋಗಿಯನ್ನು ಈಗಲೇ ಕಳಿಸಬೇಕೇ ಬೇಡವೇ ಎಂಬುದು ಹಳ್ಳಿಯಲ್ಲೇ ತೀರ್ಮಾನವಾಗುತ್ತದೆ.

ಪರದೆ ಸಾಲದ ಕಡೆ

ಹೊಟ್ಟೆ ಒತ್ತಿ ನೋಡುವುದು, ಎದೆಗೆ ಸ್ಟೆತಸ್ಕೋಪ್ ಇಡುವುದು, ಸ್ತನದ ಗಂಟು ಮುಟ್ಟಿ ನೋಡುವುದು ಮೊಬೈಲ್‌ನಿಂದ ಆಗದು. ಅದಕ್ಕಾಗಿಯೇ ಟೆಲಿಮೆಡಿಸಿನ್ ಮಾರ್ಗಸೂಚಿಯು, ವಿಡಿಯೋ ಸಾಲದೆಂದು ಅನಿಸಿದ ಗಳಿಗೆಯಲ್ಲಿ ನೇರ ಭೇಟಿಗೆ ಹೇಳುವ ಅಧಿಕಾರವನ್ನು ವೈದ್ಯರಿಗೇ ಬಿಟ್ಟಿದೆ. ತುರ್ತಿನಲ್ಲಿ ಫೋನಿನ ಸಲಹೆ ಪ್ರಥಮ ಚಿಕಿತ್ಸೆಗೆ, ಎಲ್ಲಿಗೆ ಹೋಗಬೇಕೆಂದು ಹೇಳುವುದಕ್ಕೆ ಸೀಮಿತವಾಗಿರಬೇಕು. ನಶೆಯ ವರ್ಗಕ್ಕೆ ಸೇರಿದ ಕೆಲವು ಔಷಧಗಳನ್ನು ಆನ್‌ಲೈನ್‌ನಲ್ಲಿ ಬರೆಯುವಂತೆಯೇ ಇಲ್ಲ. ಎದೆ ಬಿಗಿತ, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲಿಗೆ ಬಲ ಹೋಗುವುದು, ನಿಲ್ಲದ ರಕ್ತಸ್ರಾವ, ಮಗುವಿನ ತುಟಿ ನೀಲಿಗಟ್ಟುವುದು ಕಂಡರೆ ಟೋಕನ್ನಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಓಡಿ.

ಭಾಷೆಯ ತೊಡಕನ್ನೂ ಮುಚ್ಚಿಡುವಂತಿಲ್ಲ. ಗಡಿನಾಡಿನ ವಯಸ್ಸಾದ ಕನ್ನಡಿಗರಿಗೆ, ತುಳುವರಿಗೆ ಮಲಯಾಳದಲ್ಲಿ ನೋವನ್ನು ವಿವರಿಸುವುದು ಸುಲಭವಲ್ಲ. ‘ಉರಿ’ಯೋ ‘ಸೆಳೆತ’ವೋ ‘ಜೋಮು’ ಹಿಡಿಯುವುದೋ ಎಂಬುದರ ಮೇಲೆ ವಿಭಾಗವೇ ಬದಲಾಗುತ್ತದೆ. ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಾರೆ ನಿಜ. ಆದರೆ ಹೆಂಗಸರ ಕಾಯಿಲೆಗಳನ್ನು, ಮನಸ್ಸಿನ ಸಂಕಟವನ್ನು ಮೊಮ್ಮಗನ ಬಾಯಿಂದ ಹೇಳಿಸಲಾಗದು. ಕಾಸರಗೋಡಿನ ಕನ್ನಡ ಬಲ್ಲ ವೈದ್ಯರನ್ನೂ ನರ್ಸ್‌ಗಳನ್ನೂ ಈ ಸೇವೆಯಲ್ಲಿ ಗುರುತಿಸಿ ಕೂರಿಸುವುದು ಸರ್ಕಾರಕ್ಕೆ ಭಾರವಾದ ಕೆಲಸವಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಮಾತಿಗೆ ಅದು ಸಲ್ಲಬೇಕಾದ ಗೌರವ.

ಹಿಂದಿರುಗಿ ಬರಬೇಕಾದ ಚೀಟಿ

ರೆಫರಲ್ ಎಂದರೆ ಒಂದೇ ದಿಕ್ಕಿನ ಪ್ರಯಾಣ ಎಂದುಕೊಂಡಿದ್ದೇವೆ, ಅಲ್ಲೇ ನಮ್ಮ ವ್ಯವಸ್ಥೆ ಸೋಲುತ್ತಿದೆ. ತಿರುವನಂತಪುರದ ತಜ್ಞರು ಏನು ಕಂಡರು, ಯಾವ ಔಷಧ ಬದಲಿಸಿದರು, ಮುಂದಿನ ರಕ್ತಪರೀಕ್ಷೆ ಯಾವಾಗ ಎಂಬುದು ಊರಿನ ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಗೆ ಗೊತ್ತಾಗಬೇಕು. ಇಲ್ಲವಾದರೆ ಸಣ್ಣ ಸಂದೇಹಕ್ಕೂ ರೋಗಿ ಮತ್ತೆ ರೈಲು ಹತ್ತುತ್ತಾನೆ, ಇಲ್ಲವೇ ಔಷಧವನ್ನೇ ಬಿಡುತ್ತಾನೆ. ಡಿಸ್ಚಾರ್ಜ್ ಸಮ್ಮರಿಯ ಜೊತೆಗೆ ಊರಿನ ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರಲಿ. ಮರುಭೇಟಿ ವಿಡಿಯೋದಲ್ಲಿ ಸಾಧ್ಯವೇ ಎಂದು ಅದರಲ್ಲೇ ಬರೆದಿರಲಿ. ಸ್ಥಿರವಾಗಿರುವ ಅಪಸ್ಮಾರ, ಪಾರ್ಕಿನ್‌ಸನ್, ಥೈರಾಯ್ಡ್‌ನಂಥ ಕಾಯಿಲೆಗಳಿಗೆ ಬಹುತೇಕ ಮರುಭೇಟಿಗಳು ಹೀಗೆ ನಡೆಯಬಲ್ಲವು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಮಾಡಬೇಕಾದದ್ದು ಮೂರು ಕೆಲಸ. ಪ್ರತಿ ಆನ್‌ಲೈನ್ ಸಮಾಲೋಚನೆಯ ಕೊನೆಗೆ ವಿಭಾಗ, ಆಸ್ಪತ್ರೆ, ತುರ್ತು ಎಷ್ಟು ಎಂಬ ಮೂರನ್ನೂ ಕಡ್ಡಾಯವಾಗಿ ಬರೆಯುವುದು. ಆ ಚೀಟಿಯಿಂದಲೇ ದೊಡ್ಡ ಆಸ್ಪತ್ರೆಯ ಟೋಕನ್ ಸಿಗುವಂತೆ ಜೋಡಿಸುವುದು. ತಜ್ಞರ ಉತ್ತರ ಊರಿನ ವೈದ್ಯರಿಗೆ ತಪ್ಪದೆ ಮುಟ್ಟಿಸುವುದು. ಮಕ್ಕಳ ಹೃದಯಕ್ಕೆ ಕೇರಳ ಇಂಥ ದಾರಿ ಹಾಕಿಕೊಟ್ಟು ತೋರಿಸಿದೆ. ದೊಡ್ಡವರ ನರ, ಮೂತ್ರಪಿಂಡ, ಕ್ಯಾನ್ಸರ್ ಕಾಯಿಲೆಗಳಿಗೂ ಅದೇ ದಾರಿ ಹಾಕಬೇಕೆಂದು ಕಾಸರಗೋಡಿನಿಂದ ಚಾಮರಾಜನಗರದವರೆಗಿನ ನಾವೆಲ್ಲ ನಮ್ಮ ನಮ್ಮ ಪಂಚಾಯಿತಿಗಳಲ್ಲಿ, ಶಾಸಕರಲ್ಲಿ ಕೇಳಬೇಕು, ಕೇಳುತ್ತಲೇ ಇರಬೇಕು.